ಕನ್ನಡನಾಡಿನಲ್ಲಿ ಮನಶ್ಶಾಸ್ತ್ರದ ಉಚ್ಚ ವ್ಯಾಸಂಗ

ಧಾರವಾಡದಲ್ಲಿ ಮನೋರೋಗಿಗಳ ಆಸ್ಪತ್ರೆಯು ಸ್ಥಾಪಿತವಾದುದು 1845ನೆಯ ಇಸವಿಯಲ್ಲಿ. ಮನಸ್ಸಿನ ವ್ಯಾಪಾರಗಳನ್ನು ಪ್ರಯೋಗಗಳಿಂದ ಪರೀಕ್ಷಿಸುವ ಮೊತ್ತಮೊದಲಿನ ಪ್ರಯೋಗಶಾಲೆಯನ್ನು ವಿಲ್ಹೆಲ್ಮ್ ವುಂಟ್ ಎಂಬ ಪಂಡಿತನು ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ತೆರೆದುದು 1879ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟಿದುದು 1949ರಲ್ಲಿ. ಈ ಮೂರು ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿಯು ತಾನಾಗಿಯೇ ತೋರಿಬರುವುದು. ಬುದ್ಧಿಭ್ರಮಣೆಯಾದವರನ್ನು ಇರಿಸುವ ಗೋಡೆಗಳು ಧಾರವಾಡದಲ್ಲಿ ಎದ್ದು ನಿಂತಾಗ ಮನೋವ್ಯಾಪಾರಗಳನ್ನು ಪರೀಕ್ಷಿಸಿ ಅರಿಯತಕ್ಕ ಹೊಸ ಶಾಸ್ತ್ರವು ಲೋಕದಲ್ಲಿಯೇ ಇನ್ನೂ ರೂಪುಗೊಂಡಿರಲಿಲ್ಲ. ಅದು ರೂಪುಗೊಂಡು ಬೆಳೆದ ಮೇಲೆಯೂ ಅದನ್ನು ಅದೇ ಊರಿನಲ್ಲಿ ಕಲಿತು ಎಂ. ಎ. ಪದವಿಯನ್ನು ಪಡೆಯುವ ಅನುಕೂಲವು ಆಸ್ಪತ್ರೆ ಹುಟ್ಟಿ ನೂರು ವರ್ಷಗಳು ಕಳೆದರೂ ಒದಗಲಿಲ್ಲ. ರೋಗಿಗೆ ಊರಿನಲ್ಲಿ ಸ್ಥಳ ದೊರೆಯಿತು, ವಿದ್ಯಾರ್ಥಿಗೆ ದೊರೆಯಲಿಲ್ಲ. ಈ ವಿಳಂಬವು ಹೇಗೆ ಉಂಟಾಯಿತು, ಕನ್ನಡಿಗರು ಅದನ್ನು ಯಾವ ಯಾವ ದಾರಿಗಳಿಂದ ನೀಗಿಕೊಂಡರು, ಇನ್ನೂ ನೀಗದೆ ಉಳಿದುದು ಯಾವುದು ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಹುಬ್ಬಳ್ಳಿ ತಾಲೂಕಿನ ಸುಳ್ಳ ಎಂಬ ಗ್ರಾಮವನ್ನು ನಿದರ್ಶನಕ್ಕಾಗಿ ತೆಗೆದುಕೊಳ್ಳಬಹುದು. ಅದು ಎರೆಯ ಹೊಲಗಳ ಸೀಮೆ; ಜೋಳ, ಹತ್ತಿ, ಗೋದಿ, ಕಡಲೆಗಳ ನಾಡು. ವ್ಯಾಪಾರಕ್ಕೆ ಹುಬ್ಬಳ್ಳಿ, ಕಚೇರಿ ಕಾಲೇಜುಗಳಿಗೆ ಧಾರವಾಡ ಎಂಬುದು ಆ ಸೀಮೆಯ ಹಳ್ಳಿಗಳ ಹಳೆಯ ರೂಢಿ. ಇಂತಹ ಹಳ್ಳಿಗಳ ಒಕ್ಕಲುಮನೆಗಳಲ್ಲಿ ಒಬ್ಬನು ನಿದ್ದೆಗೆಟ್ಟು ತನ್ನಷ್ಟಕ್ಕೆ ತಾನೇ ಮಾತಾಡತೊಡಗಿದರೆ, ಅಥವಾ ಬಾಣಂತಿಯೊಬ್ಬಳು ಕೂಸನ್ನು ಮುಟ್ಟಲೊಲ್ಲದೆ ಗೋಡೆಯ ಕಡೆಗೆ ಮೋರೆ ಮಾಡಿ ಮಲಗಿದರೆ, ಗಾಳಿ ಸೋಕಿತೆಂದೋ ಯಾರೋ ಮಾಟ ಮಾಡಿಸಿದರೆಂದೋ ಮೊದಲು ತಾಯಿತವನ್ನು ಕಟ್ಟಿಸುವರು; ದೇವರಿಗೆ ಹರಕೆ ಹೊರುವರು; ಯಾವುದಕ್ಕೂ ಬಗ್ಗದಿದ್ದರೆ ಕಟ್ಟಕಡೆಗೆ ಧಾರವಾಡದ ಹಾದಿಯನ್ನು ಹಿಡಿಯುವರು. “ಇವನನ್ನು ಧಾರವಾಡಕ್ಕೆ ಕಳಿಸಬೇಕು” ಎಂಬ ಮಾತಿಗೆ ಉತ್ತರ ಕರ್ನಾಟಕದ ಜನರಲ್ಲಿ ಒಂದೇ ಅರ್ಥವು. ವಿದ್ಯೆಗೂ ಸಾಹಿತ್ಯಕ್ಕೂ ಹೆಸರಾದ ಪಟ್ಟಣವೊಂದು ಜನಸಾಮಾನ್ಯರ ಮಾತಿನಲ್ಲಿ ಹುಚ್ಚಿನ ಹೆಸರೂ ಆಯಿತು. ಆ ಮಾತಿನ ಹಿಂದೆ ನಗೆಯಿದ್ದಷ್ಟೇ ಅಂಜಿಕೆಯೂ ಇತ್ತು. ಮನೆಯಲ್ಲಿ ಒಬ್ಬರಿಗೆ ಇಂತಹ ರೋಗವಿದೆಯೆಂದು ತಿಳಿದರೆ ಉಳಿದವರ ಲಗ್ನಕಾರ್ಯಗಳಿಗೆ ಅಡ್ಡಿಯಾದೀತೆಂದು ರೋಗಿಯನ್ನು ಒಳಮನೆಯಲ್ಲಿ ಮುಚ್ಚಿಡುವುದೂ ಉಂಟು.

ಹೀಗೆಂದ ಮಾತ್ರಕ್ಕೆ ಹಳ್ಳಿಯ ಜನರಿಗೆ ಮನಸ್ಸಿನ ವಿಚಾರವೇ ಇರಲಿಲ್ಲವೆಂದು ಭಾವಿಸಲಾಗದು. ಹುಬ್ಬಳ್ಳಿಯಲ್ಲಿ ಸಿದ್ಧಾರೂಢ ಸ್ವಾಮಿಗಳು 1929ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಮಠದಲ್ಲಿ ನಿಜಗುಣ ಶಿವಯೋಗಿಗಳ ಶಾಸ್ತ್ರಗಳ ಶ್ರವಣವು ನಡೆಯುತ್ತಿದ್ದಿತು; ಅವರ ತರುವಾಯವೂ ಆ ಪರಂಪರೆಯು ಮುಂದುವರಿಯಿತು. ಸುತ್ತಲಿನ ಹಳ್ಳಿಗಳ ಒಕ್ಕಲಿಗರೂ ನೇಕಾರರೂ ಅಲ್ಲಿ ಕುಳಿತು ಅಂತಃಕರಣವು ನಾಲ್ಕು ವಿಧವೆಂಬುದನ್ನು ಕೇಳಿದರು: ಸಂಕಲ್ಪ ವಿಕಲ್ಪಗಳನ್ನು ಮಾಡುವುದು ಮನಸ್ಸು, ನಿಶ್ಚಯಿಸುವುದು ಬುದ್ಧಿ, ಸ್ಮರಿಸಿ ಚಿಂತಿಸುವುದು ಚಿತ್ತ, ನಾನು ನನ್ನದೆಂದು ಅಭಿಮಾನಿಸುವುದು ಅಹಂಕಾರ. ಈ ವಿಭಾಗವನ್ನು ಅವರು ಕನ್ನಡದಲ್ಲಿಯೇ ಕೇಳಿದರು, ಕನ್ನಡದಲ್ಲಿಯೇ ನೆನಪಿನಲ್ಲಿಟ್ಟರು. ಆದರೆ ಆ ಶಾಸ್ತ್ರದ ಗುರಿಯು ಮೋಕ್ಷವು. ಈ ಮಗುವು ಶಾಲೆಯಲ್ಲಿ ಏಕೆ ಹಿಂದುಳಿದಿದೆ, ಈ ಬಾಣಂತಿಗೆ ಏಕೆ ಹೀಗಾಯಿತು, ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಮಾತ್ರ ಭ್ರಮೆಯು ಏಕೆ ಹಿಡಿಯಿತು ಎಂಬ ವಿಶೇಷ ಪ್ರಶ್ನೆಗಳಿಗೆ ಉತ್ತರ ಕೊಡುವುದು ಅದರ ಕೆಲಸವಾಗಿರಲಿಲ್ಲ. ಆ ಕೆಲಸಕ್ಕೆ ಹೊರಟುದು ಪಶ್ಚಿಮದಲ್ಲಿ ಹುಟ್ಟಿದ ಹೊಸ ಶಾಸ್ತ್ರವು.

ಆ ಹೊಸ ಶಾಸ್ತ್ರವು ಭಾರತದ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ಪರಾಧೀನವಾಗಿಯೇ ಇದ್ದಿತು. ತತ್ತ್ವಶಾಸ್ತ್ರದ ಪಠ್ಯದಲ್ಲಿ ತರ್ಕ, ನೀತಿಗಳ ಜತೆಗೆ ಅದಕ್ಕೂ ಒಂದು ಮೂಲೆಯು ಸಲ್ಲುತ್ತಿದ್ದಿತು. ಪ್ರಯೋಗಶಾಲೆಯಿಲ್ಲ, ಪ್ರತ್ಯೇಕ ಅಧ್ಯಾಪಕನಿಲ್ಲ, ಪ್ರತ್ಯೇಕ ಪದವಿಯಿಲ್ಲ. ಈ ಸ್ಥಿತಿಯು ಮೊದಲು ಬದಲಾದುದು ಕಲಕತ್ತೆಯಲ್ಲಿ. ಅಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬ್ರಜೇಂದ್ರನಾಥ ಸೀಲರು ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು ರಚಿಸಿದರು. 1916ರಲ್ಲಿ, ಅಮೇರಿಕೆಯ ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡಿ ಬಂದಿದ್ದ ನರೇಂದ್ರನಾಥ ಸೇನಗುಪ್ತರ ಕೈಕೆಳಗೆ ಆ ವಿಷಯದ ಪ್ರತ್ಯೇಕ ವಿಭಾಗವು ಆರಂಭವಾಯಿತು. ಭಾರತದಲ್ಲಿ ಮನಶ್ಶಾಸ್ತ್ರವನ್ನೇ ಮುಖ್ಯ ವಿಷಯವನ್ನಾಗಿ ಇಟ್ಟುಕೊಂಡು ಉಚ್ಚ ಪದವಿಗಾಗಿ ಓದುವ ಮಾರ್ಗವು ತೆರೆದುದು ಹೀಗೆ. ಅದೇ ವಿಶ್ವವಿದ್ಯಾಲಯದಿಂದ ಗಿರೀಂದ್ರಶೇಖರ ಬೋಸರು 1921ರಲ್ಲಿ ಡಿ. ಎಸ್‌ಸಿ. ಪದವಿಯನ್ನು ಪಡೆದರು, ಮರುವರ್ಷ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು, ವಿಯೆನ್ನಾದ ಫ್ರಾಯ್ಡನೊಡನೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದರು.

ಕಲಕತ್ತೆಯ ಈ ಬೀಜವು ಕನ್ನಡನಾಡಿಗೆ ಬಂದುದು ಸೀಲರ ಮೂಲಕವೇ. 1916ರ ಜುಲೈ ತಿಂಗಳಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸ್ಥಾಪಿತವಾಗಿದ್ದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೀಲರು 1921ರ ಸುಮಾರಿಗೆ ಉಪಕುಲಪತಿಗಳಾಗಿ ಬಂದು 1930ರವರೆಗೆ ಆ ಪದವಿಯಲ್ಲಿದ್ದರು. ಅವರ ಕಾಲದಲ್ಲಿ, 1924ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರತ್ಯೇಕ ವಿಭಾಗವು ಏರ್ಪಟ್ಟಿತು. ಕಲಕತ್ತೆಯ ತರುವಾಯ ಭಾರತದಲ್ಲಿ ಇದೇ ಎರಡನೆಯದು. ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವೂ ಅದರೊಡನೆ ಕರ್ನಾಟಕ ಏಕೀಕರಣದ ಪರಿಷತ್ತೂ ನೆರೆದುದು ಅದೇ ವರ್ಷ ಎಂಬುದನ್ನು ನೆನೆದರೆ ಆ ಕಾಲದ ಆಶೋತ್ಸಾಹಗಳ ಚಿತ್ರವು ವಾಚಕರ ಮನಸ್ಸಿನಲ್ಲಿ ಮೂಡದಿರದು.

ಮೈಸೂರಿನ ವಿಭಾಗಕ್ಕೆ ಮುಖ್ಯಸ್ಥರಾದವರು ಎಂ. ವಿ. ಗೋಪಾಲಸ್ವಾಮಿಯವರು. ಇವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನನ ಶಿಷ್ಯರಾಗಿ ಕಲಿತವರು. ಬಗೆಬಗೆಯ ಬುದ್ಧಿಶಕ್ತಿಗಳ ತಳದಲ್ಲಿ ಸಾಮಾನ್ಯವಾದ ಒಂದು ಬುದ್ಧಿಯಂಶವಿದೆಯೆಂದು 1904ರಲ್ಲಿ ಗಣಿತದ ಮೂಲಕ ಪ್ರತಿಪಾದಿಸಿದವನೇ ಈ ಸ್ಪಿಯರ್‌ಮನ್. ಗುರುವಿನ ಈ ಅಳತೆಯ ದೃಷ್ಟಿಯನ್ನು ಶಿಷ್ಯರು ಮೈಸೂರಿಗೆ ತಂದರು. ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿಯ ಮಕ್ಕಳಿಗೆ ಹೊಂದಿಸುವ ಕಾರ್ಯವನ್ನು ಕೈಕೊಂಡರು. ಪ್ರಾಣಿಗಳ ವರ್ತನೆಯನ್ನು ಪರೀಕ್ಷಿಸುವ ಪ್ರಯೋಗಶಾಲೆಯನ್ನೂ ಕಟ್ಟಿದರು. ಎಳೆಯ ಮಕ್ಕಳ ಶಿಕ್ಷಣದಲ್ಲಿ ಅವರು ವಹಿಸಿದ ಆಸಕ್ತಿಗೆ ಅವರ ಹೆಸರನ್ನು ಹೊತ್ತ ಮೈಸೂರಿನ ಶಿಶುವಿಹಾರವೇ ಸಾಕ್ಷಿಯಾಗಿದೆ. 1935ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ಮನೆಯಲ್ಲಿಯೇ ಸಣ್ಣ ಪ್ರಸಾರಯಂತ್ರವೊಂದನ್ನು ಹೂಡಿ ರೇಡಿಯೋ ಕೇಂದ್ರವನ್ನು ನಡೆಯಿಸಿದರು. ಅದಕ್ಕೆ ದೊರೆತ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಅಖಿಲ ಭಾರತದ ರೇಡಿಯೋ ಸಂಸ್ಥೆಗೇ ಸಂದಿತು. ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು ರೇಡಿಯೋವನ್ನು ಆರಂಭಿಸಿದುದು ಕೇವಲ ಹವ್ಯಾಸವೆಂದು ಕೆಲವರಿಗೆ ತೋರಬಹುದು. ಆದರೆ ಕಾಲೇಜಿನ ಗೋಡೆಯ ಹೊರಗಿನ ಜನರ ಕಿವಿಗೆ ಮಾತನ್ನು ಮುಟ್ಟಿಸಬೇಕೆಂಬ ಹಂಬಲವು ಅದರಲ್ಲಿ ಸ್ಪಷ್ಟವಾಗಿದೆ.

ಮೈಸೂರಿನಲ್ಲಿ ಇಷ್ಟೆಲ್ಲ ನಡೆಯುತ್ತಿದ್ದಾಗ ಧಾರವಾಡ ಜಿಲ್ಲೆಯ ವಿದ್ಯಾರ್ಥಿಯ ಸ್ಥಿತಿಯು ಹೇಗಿದ್ದಿತು? ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದುದರಿಂದ ಬಿ. ಎ. ವರೆಗಿನ ಓದಿಗೆ ಪುಣೆ ಮುಂಬಯಿಗಳಿಗೆ ಹೋಗುವ ಕಷ್ಟವು ತಪ್ಪಿದ್ದಿತು. ಆದರೆ ಕಾಲೇಜು ಧಾರವಾಡದ್ದಾದರೂ ಪಠ್ಯಕ್ರಮವೂ ಪರೀಕ್ಷೆಯೂ ಮುಂಬಯಿ ವಿಶ್ವವಿದ್ಯಾಲಯದವು; ಅಲ್ಲಿ ಮನಶ್ಶಾಸ್ತ್ರವು ತತ್ತ್ವಶಾಸ್ತ್ರದ ಆಶ್ರಯವನ್ನು ಬಿಟ್ಟು ಬಂದಿರಲಿಲ್ಲ. ಮುಂಬಯಿಯಲ್ಲಿಯೇ ಅನ್ವಯಿಕ ಮನಶ್ಶಾಸ್ತ್ರದ ಪ್ರತ್ಯೇಕ ವಿಭಾಗವು ತೆರೆದುದು 1959ರಲ್ಲಿ. 1930ರ ಸುಮಾರಿನಲ್ಲಿ ಸುಳ್ಳದಂತಹ ಗ್ರಾಮದ ತರುಣನೊಬ್ಬನು ಮನಶ್ಶಾಸ್ತ್ರವನ್ನು ಆಳವಾಗಿ ಕಲಿಯಬೇಕೆಂದು ಹೊರಟಿದ್ದನೆಂದು ಕಲ್ಪಿಸಿಕೊಂಡರೆ, ಅವನ ಮುಂದೆ ಎರಡೇ ದಾರಿಗಳು. ತತ್ತ್ವಶಾಸ್ತ್ರದ ಎಂ. ಎ. ಪದವಿಗಾಗಿ ಮುಂಬಯಿಯ ವ್ಯವಸ್ಥೆಯಲ್ಲಿಯೇ ಉಳಿದು, ಪ್ರಯೋಗಶಾಲೆಯ ಬಾಗಿಲನ್ನು ಕಾಣದೆ, ಗ್ರಂಥಗಳಿಂದ ದೊರೆತಷ್ಟನ್ನು ದೊರಕಿಸಿಕೊಳ್ಳುವುದು ಒಂದು. ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ, ಕನ್ನಡದ್ದೇ ಆದರೂ ಬೇರೊಂದು ಆಳಿಕೆಯ ಸೀಮೆಯಾದ ಮೈಸೂರು ಸಂಸ್ಥಾನಕ್ಕೆ ಹೋಗುವುದು ಇನ್ನೊಂದು. ಎರಡಕ್ಕೂ ಹಣ ಬೇಕು, ಮನೆಯವರ ಒಪ್ಪಿಗೆ ಬೇಕು. ಓದಿದ ಮೇಲೆ ಯಾವ ನೌಕರಿ ಸಿಕ್ಕೀತೆಂಬ ಪ್ರಶ್ನೆಗೆ ಉತ್ತರವಂತೂ ಇರಲಿಲ್ಲ. ವಕೀಲಿಯ ಓದಿಗೆ ಹೊಲವನ್ನು ಅಡವಿಡಬಹುದಾಗಿತ್ತು. ಹೆಸರನ್ನೇ ಕೇಳಿಲ್ಲದ ಶಾಸ್ತ್ರಕ್ಕಾಗಿ ಯಾವ ತಂದೆಯು ಹೊಲವನ್ನು ಅಡವಿಟ್ಟಾನು? ರಾಜಕೀಯದ ಗಡಿಯೊಂದು ಒಂದೇ ನುಡಿಯ ಜನರ ನಡುವೆ ನಿಂತು ವಿದ್ಯೆಯನ್ನೂ ಹೀಗೆ ಹಂಚಿ ಹಾಕಿದ್ದಿತು.

ಮುಂಬಯಿ ಕರ್ನಾಟಕದ ಪಾಲಿಗೆ ಈ ಚರಿತ್ರೆಯಲ್ಲಿ ಹೆಮ್ಮೆಯ ಅಂಶವು ಇಲ್ಲದಿಲ್ಲ. ಶಾಲೆಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸುವುದಕ್ಕಾಗಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಎಂಬ ಪಂಡಿತನು ಸಿಮೋನ್ ಎಂಬ ವೈದ್ಯನೊಡಗೂಡಿ 1905ರಲ್ಲಿ ಒಂದು ಪ್ರಶ್ನಮಾಲೆಯನ್ನು ರಚಿಸಿದನು. ಬುದ್ಧಿಪರೀಕ್ಷೆಗಳೆಲ್ಲಕ್ಕೂ ಅದೇ ಮೂಲವು. ಈ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಪರಿಷ್ಕರಿಸಿದವರು ವಿ. ವಿ. ಕಾಮತರು. ಅವರ ಪರಿಷ್ಕರಣದ ವಿವರವು 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಭಾರತೀಯ ಮಕ್ಕಳ ಬುದ್ಧಿಯನ್ನು ಅಳೆಯುವ ಬಗೆಗೆ ಅವರು ಬರೆದ ಗ್ರಂಥವೂ ಹೊರಬಂದಿತು. ‘ಬಿನೆ–ಕಾಮತ್ ಪರೀಕ್ಷೆ’ ಎಂದು ಹೆಸರಾದ ಆ ಮಾಪನವು ಭಾರತದ ಆಸ್ಪತ್ರೆಗಳಲ್ಲಿಯೂ ಶಾಲೆಗಳಲ್ಲಿಯೂ ದಶಕಗಳ ಕಾಲ ಬಳಕೆಯಲ್ಲಿದ್ದಿತು. ಮೂರು ವರ್ಷದ ಕೂಸಿನಿಂದ ಹಿಡಿದು ಇಪ್ಪತ್ತೆರಡು ವರ್ಷದ ತರುಣನವರೆಗಿನ ಮೆಟ್ಟಿಲುಗಳು ಅದರಲ್ಲಿವೆ.

ಪರಿಷ್ಕರಣವೆಂದರೆ ಬರಿಯ ಭಾಷಾಂತರವೆಂದು ತಿಳಿಯಬಾರದು. ಬಿನೆಯ ಪರೀಕ್ಷೆಯಲ್ಲಿ ಕೆಲವು ಅಂಕೆಗಳನ್ನು ಕೇಳಿಸಿ ಮಗುವಿನಿಂದ ಹಾಗೆಯೇ ತಿರುಗಿ ಹೇಳಿಸುವ ಪ್ರಶ್ನೆಯೊಂದುಂಟು. ಫ್ರೆಂಚ್ ಭಾಷೆಯಲ್ಲಿ ಒಂದರಿಂದ ಹತ್ತರವರೆಗಿನ ಅಂಕೆಗಳ ಹೆಸರುಗಳು ಬಹುಮಟ್ಟಿಗೆ ಒಂದೇ ಉಸುರಿನಲ್ಲಿ ಮುಗಿಯುವ ಏಕಾಕ್ಷರಗಳು. ಕನ್ನಡದ ಮಗುವಾದರೋ ಒಂದು, ಎರಡು, ಆರು, ಒಂಬತ್ತು ಎಂದು ಎರಡು ಮೂರು ಅಕ್ಷರಗಳನ್ನು ನುಡಿಯಬೇಕು. ಹೇಳಬೇಕಾದ ಶಬ್ದವು ಉದ್ದವಾದಷ್ಟೂ ನೆನಪಿನಲ್ಲಿ ಒಟ್ಟಿಗೆ ನಿಲ್ಲುವ ಶಬ್ದಗಳು ಕಡಿಮೆಯಾಗುವುವೆಂಬುದು ಮುಂದೆ ಪ್ರಯೋಗಗಳಿಂದಲೇ ಸಿದ್ಧವಾಯಿತು. ಅಂದಮೇಲೆ ಪ್ಯಾರಿಸಿನ ಮಗುವಿಗೆ ಸುಲಭವಾದ ಪ್ರಶ್ನೆಯು ಧಾರವಾಡದ ಮಗುವಿಗೆ ಕಠಿನವಾದರೆ ಅದು ಮಗುವಿನ ದೋಷವಲ್ಲ. ನಾಣ್ಯಗಳನ್ನು ಗುರುತಿಸುವ ಪ್ರಶ್ನೆ, ಚಿತ್ರವನ್ನು ವರ್ಣಿಸುವ ಪ್ರಶ್ನೆ, ಶಬ್ದಗಳ ಅರ್ಥವನ್ನು ಹೇಳುವ ಪ್ರಶ್ನೆ, ಇವೆಲ್ಲಕ್ಕೂ ಇದೇ ಮಾತು ಸಲ್ಲುವುದು. ಪ್ರತಿಯೊಂದನ್ನೂ ಈ ನಾಡಿನ ಮಕ್ಕಳ ಮುಂದಿಟ್ಟು, ಯಾವ ವಯಸ್ಸಿನವರಲ್ಲಿ ಎಷ್ಟು ಮಂದಿ ಸರಿಯಾಗಿ ಉತ್ತರಿಸುವರೆಂಬುದನ್ನು ಎಣಿಸಿ, ಆ ಬಳಿಕ ಅದಕ್ಕೆ ಸ್ಥಾನವನ್ನು ಗೊತ್ತುಪಡಿಸಬೇಕು. ಇಂತಹ ಶ್ರಮವು ನಡೆಯದಿದ್ದರೆ ಹಳ್ಳಿಯ ಚುರುಕಾದ ಮಗುವಿಗೂ ಮಂದಬುದ್ಧಿಯೆಂಬ ಹೆಸರು ಅಂಟಿಬಿಡುವುದು. ಮನಸ್ಸನ್ನು ಅಳೆಯುವ ಶಾಸ್ತ್ರವು ಅಳೆಸಿಕೊಳ್ಳುವವನ ನುಡಿಯನ್ನು ಮೊದಲು ಕಲಿಯಬೇಕೆಂಬ ಪಾಠವು ಕಾಮತರ ಕೆಲಸದಲ್ಲಿ ಅಡಗಿದೆ.

ಸ್ವಾತಂತ್ರ್ಯಪ್ರಾಪ್ತಿಯ ತರುವಾಯ ಸ್ಥಿತಿಗತಿಗಳು ಬೇಗನೆ ಬದಲಾದುವು. 1949ರಲ್ಲಿ ಮುಂಬಯಿಯಲ್ಲಿಯೇ ಜನ್ಮತಾಳಿದ ಕರ್ನಾಟಕ ವಿಶ್ವವಿದ್ಯಾಲಯವು 1950ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿತು. 1956ರ ನವಂಬರ 1ರಂದು ಧಾರವಾಡ ಜಿಲ್ಲೆಯೂ ಹಳೆಯ ಮೈಸೂರೂ ಒಂದೇ ರಾಜ್ಯದಲ್ಲಿ ಕೂಡಿದುವು. ವಿದ್ಯಾರ್ಥಿಯ ಪಾಲಿಗೆ ತುಂಗಭದ್ರೆಯು ಗಡಿಯಾಗಿ ಉಳಿಯಲಿಲ್ಲ. 1954ರಿಂದ 1967ರವರೆಗೆ ಉಪಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರ ಕಾಲದಲ್ಲಿ ವಿಶ್ವವಿದ್ಯಾಲಯವು ಎಲ್ಲ ಕಡೆಗೂ ಬೆಳೆಯಿತು. ಮನಶ್ಶಾಸ್ತ್ರಕ್ಕೂ ಅಲ್ಲಿ ಸ್ನಾತಕೋತ್ತರ ವಿಭಾಗವು ಏರ್ಪಟ್ಟಿತು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವುದು ಸುಮಾರು 20 ಕಿಲೋಮೀಟರುಗಳ ಹಾದಿ. ಒಂದು ಕಾಲಕ್ಕೆ ಕಲಕತ್ತೆ ಮೈಸೂರುಗಳಲ್ಲಿ ಮಾತ್ರ ದೊರೆಯುತ್ತಿದ್ದ ವಿದ್ಯೆಯು ಸುಳ್ಳದಿಂದ ಹೊರಟವರು ದಿನದೊಳಗೆ ಹೋಗಿ ಬರುವಷ್ಟು ಹತ್ತಿರಕ್ಕೆ ಬಂದಿತು.

ಎಂ. ಎ. ತರಗತಿಯಲ್ಲಿ ಕಲಿಯುವುದಾದರೂ ಏನು ಎಂದು ವಾಚಕರು ಕೇಳಬಹುದು. ಎರಡು ವರ್ಷಗಳ ಈ ವ್ಯಾಸಂಗದಲ್ಲಿ ಗ್ರಂಥಾಭ್ಯಾಸದಷ್ಟೇ ಮಹತ್ತ್ವವು ಪ್ರಯೋಗಕ್ಕೂ ಗಣಿತಕ್ಕೂ ಉಂಟು. ಸಂವೇದನೆ, ಅವಧಾನ, ಸ್ಮೃತಿ, ಕಲಿಕೆ ಇವುಗಳ ನಿಯಮಗಳನ್ನು ಪ್ರಯೋಗಶಾಲೆಯಲ್ಲಿ ತಾನೇ ಮಾಡಿ ನೋಡಬೇಕು. ಜರ್ಮನಿಯ ಎಬ್ಬಿಂಗ್‌ಹೌಸನು ಅರ್ಥವಿಲ್ಲದ ಅಕ್ಷರಮಾಲೆಗಳನ್ನು ತಾನೇ ಬಾಯಿಪಾಠ ಮಾಡಿ ಮರೆವಿನ ವೇಗವನ್ನು ಅಳೆದು 1885ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಂದಿಗೂ ವಿದ್ಯಾರ್ಥಿಗಳು ತಮ್ಮ ಮೇಲೆಯೇ ಮಾಡಿಕೊಳ್ಳುವರು. ಸಂಖ್ಯಾಶಾಸ್ತ್ರವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾಗದು. ಸಾಹಿತ್ಯದ ಅಭಿರುಚಿಯಿಂದ ಬಂದವರು ಇಲ್ಲಿಯೇ ಮೊದಲು ಬೆದರುವರು. ಇದಲ್ಲದೆ ಮಕ್ಕಳ ಬೆಳವಣಿಗೆ, ಸಮಾಜದಲ್ಲಿ ಮನುಷ್ಯನ ನಡತೆ, ಮನೋವಿಕಾರಗಳು, ಮಾಪನಗಳ ರಚನೆ, ಕೊನೆಗೆ ಸ್ವತಂತ್ರ ಪ್ರಬಂಧವೊಂದು; ಇಷ್ಟು ಅದರ ಸ್ಥೂಲರೂಪವು.

ಆದರೆ ಈ ಪದವಿಯೊಂದರಿಂದಲೇ ರೋಗಿಗಳ ಚಿಕಿತ್ಸೆಗೆ ಅಧಿಕಾರವು ಬರುವುದಿಲ್ಲ. ಇದನ್ನು ತಿಳಿಯದೆ ಮಕ್ಕಳನ್ನು ಈ ವ್ಯಾಸಂಗಕ್ಕೆ ಕಳಿಸುವ ತಂದೆತಾಯಿಗಳು ಬಹಳ ಮಂದಿ. ಇದಕ್ಕೂ ಕನ್ನಡನಾಡಿನಲ್ಲಿ ನಡೆದ ಒಂದು ಚರಿತ್ರೆಯುಂಟು. ಭೋರ್ ಸಮಿತಿಯು 1946ರಲ್ಲಿ ಮಾನಸಿಕ ಆರೋಗ್ಯದ ಶಿಕ್ಷಣಕ್ಕೆ ಸಂಸ್ಥೆಗಳು ಬೇಕೆಂದು ಸೂಚಿಸಿತು. ಅದರ ಫಲವಾಗಿ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜತೆಯಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ಅದರ ಮೊದಲನೆಯ ನಿರ್ದೇಶಕರು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು. ಮೈಸೂರಿನ ಗೋಪಾಲಸ್ವಾಮಿಯವರೂ ಬೆಂಗಳೂರಿನ ಗೋವಿಂದಸ್ವಾಮಿಯವರೂ ಹೆಸರಿನ ಸಾಮ್ಯದಿಂದ ಒಬ್ಬರೇ ಎಂದು ತೋರಬಾರದು. ಮೊದಲಿನವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಎರಡನೆಯವರು ಮನೋವೈದ್ಯರು. ಮನಶ್ಶಾಸ್ತ್ರದ ಎಂ. ಎ. ಮುಗಿಸಿದವರನ್ನು ತೆಗೆದುಕೊಂಡು ಎರಡು ವರ್ಷ ರೋಗಿಗಳ ನಡುವೆಯೇ ಇರಿಸಿ ತರಬೇತು ಕೊಡುವ ಡಿಪ್ಲೊಮಾ ತರಗತಿಯು 1955ರಲ್ಲಿ ಅಲ್ಲಿ ಆರಂಭವಾಯಿತು. ಅದೇ ಮುಂದೆ ಎಂ. ಫಿಲ್. ಎಂಬ ಹೆಸರನ್ನು ತಾಳಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತು. 2017ರ ಮಾನಸಿಕ ಆರೋಗ್ಯಾರೈಕೆ ಕಾಯಿದೆಯು ಚಿಕಿತ್ಸಾ ಮನಶ್ಶಾಸ್ತ್ರಜ್ಞನೆಂದರೆ ಯಾರೆಂಬುದನ್ನು ನಿರೂಪಿಸುವಾಗ, ಭಾರತೀಯ ಪುನರ್ವಸತಿ ಪರಿಷತ್ತಿನ ಮನ್ನಣೆ ಪಡೆದ ವಿಶೇಷ ಶಿಕ್ಷಣವನ್ನು, ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಪೂರ್ಣಕಾಲದ ಇಂತಹ ತರಬೇತನ್ನು, ಲಕ್ಷಣವಾಗಿ ಹೇಳಿತು. ಆದುದರಿಂದ ಎಂ. ಎ. ಎಂಬುದು ಈ ವೃತ್ತಿಯ ಅಂಗಳವೇ ಹೊರತು ಗರ್ಭಗುಡಿಯಲ್ಲ. ಅಧ್ಯಾಪನ, ಸಂಶೋಧನೆ, ಶಾಲೆಗಳಲ್ಲಿ ಮಾರ್ಗದರ್ಶನ, ಕೈಗಾರಿಕೆಗಳಲ್ಲಿ ನೌಕರರ ಆಯ್ಕೆ ಮೊದಲಾದವು ಆ ಅಂಗಳದಿಂದ ಹೊರಡುವ ಬೇರೆ ಹಾದಿಗಳು.

ಶಾಸ್ತ್ರವು ಪದವೀಧರರಲ್ಲಿಯೇ ನಿಂತರೆ ಸುಳ್ಳದ ಒಳಮನೆಯಲ್ಲಿ ಮುಚ್ಚಿಟ್ಟ ರೋಗಿಗೆ ಅದರಿಂದ ಪ್ರಯೋಜನವೇನು? ಈ ಪ್ರಶ್ನೆಗೆ ಕನ್ನಡದಲ್ಲಿ ಮೊದಲು ಉತ್ತರ ಕೊಟ್ಟವರಲ್ಲಿ ಒಬ್ಬರು ಕಾದಂಬರಿಕಾರ್ತಿ. 1928ರಲ್ಲಿ ಜನಿಸಿ 1963ರಲ್ಲಿಯೇ ತೀರಿಕೊಂಡ ತ್ರಿವೇಣಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಓದಿ ಬಿ. ಎ. ಪದವಿಯನ್ನು ಪಡೆದವರು. ಅವರ ‘ಶರಪಂಜರ’ವು ಹೆರಿಗೆಯ ಬಳಿಕ ಮನೋವ್ಯಾಧಿಗೆ ಒಳಗಾಗಿ, ಆಸ್ಪತ್ರೆಯಲ್ಲಿ ಗುಣಹೊಂದಿ, ಮನೆಗೆ ಮರಳಿದ ಗೃಹಿಣಿಯೊಬ್ಬಳನ್ನು ಸುತ್ತಲಿನವರ ಸಂಶಯವೇ ಮತ್ತೆ ರೋಗಕ್ಕೆ ನೂಕುವ ಕಥೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವನ್ನಾಗಿ ಮಾಡಿದರು. ರೋಗವು ಶಾಪವಲ್ಲ, ಗುಣವಾಗತಕ್ಕದ್ದು. ಗುಣವಾದವಳನ್ನು ಮನೆಯವರು ಮನುಷ್ಯಳೆಂದು ಕಾಣದಿದ್ದರೆ ವೈದ್ಯನ ಶ್ರಮವೂ ವ್ಯರ್ಥವು. ಈ ತತ್ತ್ವವು ಯಾವ ಪಠ್ಯಗ್ರಂಥಕ್ಕಿಂತಲೂ ಹೆಚ್ಚಾಗಿ ಆ ಕಥೆಯ ಮೂಲಕ ಕನ್ನಡದ ಮನೆಗಳನ್ನು ಹೊಕ್ಕಿತು. ತ್ರಿವೇಣಿಯವರ ಹಿಂದೆ ಮಹಾರಾಜಾ ಕಾಲೇಜಿನ ಆ ವಿಭಾಗವಿದ್ದಿತೆಂಬುದನ್ನು ಮರೆಯಲಾಗದು. ಮುಂದೆ ಬೆಂಗಳೂರಿನ ಸಂಸ್ಥೆಯಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್. ಕೆ. ರಾಮಚಂದ್ರರಾಯರು ಭಾರತದ ಪ್ರಾಚೀನ ಮನೋವಿಚಾರವನ್ನೂ ಹೊಸ ಶಾಸ್ತ್ರವನ್ನೂ ಎರಡನ್ನೂ ಬಲ್ಲವರಾಗಿ ಗ್ರಂಥರಚನೆ ಮಾಡಿದರು. ನಿಮ್ಹಾನ್ಸಿನ ಮನೋವೈದ್ಯರಾಗಿದ್ದ ಸಿ. ಆರ್. ಚಂದ್ರಶೇಖರರು ಸಾಮಾನ್ಯರಿಗಾಗಿ ತಿಳಿಗನ್ನಡದಲ್ಲಿ ಅನೇಕ ಪುಸ್ತಕಗಳನ್ನು ಬರೆದರು.

ಇನ್ನೊಂದು ಉತ್ತರವು ಬಳ್ಳಾರಿ ಜಿಲ್ಲೆಯಿಂದ ಬಂದಿತು. ರೋಗಿಯು ದೂರದ ಆಸ್ಪತ್ರೆಗೆ ಬರುವ ಬದಲು ಚಿಕಿತ್ಸೆಯೇ ಹಳ್ಳಿಯ ಕಡೆಗೆ ಹೋಗಬೇಕೆಂದು ನಿಮ್ಹಾನ್ಸಿನವರು 1980ರ ದಶಕದ ನಡುವಿನಿಂದ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋವ್ಯಾಧಿಗಳನ್ನು ಗುರುತಿಸುವ ಶಿಕ್ಷಣವನ್ನು ಕೊಟ್ಟರು. ಆ ಮಾದರಿಯ ಮೇಲೆಯೇ 1996ರಲ್ಲಿ ಭಾರತ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಇತ್ತ ಧಾರವಾಡದ 1845ರ ಆಸ್ಪತ್ರೆಯೂ ಹಳೆಯ ಹೆಸರನ್ನು ಕಳಚಿ, ಡಿಮ್ಹಾನ್ಸ್ ಎಂಬ ಹೆಸರಿನ ಬೋಧನಸಂಸ್ಥೆಯಾಗಿ ಬೆಳೆಯಿತು. ಗೋಡೆಯಾಗಿ ಹುಟ್ಟಿದುದು ಶಾಲೆಯೂ ಆಯಿತು.

ಇಷ್ಟಾದರೂ ಕೊರತೆಯು ದೊಡ್ಡದಾಗಿಯೇ ಇದೆ. ನಿಮ್ಹಾನ್ಸಿನವರು ಭಾರತದ 12 ರಾಜ್ಯಗಳಲ್ಲಿ 2015–16ರಲ್ಲಿ ನಡೆಯಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6ರಷ್ಟು ಮಂದಿ ಯಾವುದಾದರೊಂದು ಮನೋವ್ಯಾಧಿಯಿಂದ ನರಳುತ್ತಿದ್ದರು; ಬಗೆಬಗೆಯ ವ್ಯಾಧಿಗಳಲ್ಲಿ ಚಿಕಿತ್ಸೆ ಮುಟ್ಟದೆ ಉಳಿದವರು ನೂರಕ್ಕೆ 70ರಿಂದ 92ರವರೆಗೆ ಇದ್ದರು. 2022ರ ಅಕ್ಟೋಬರ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯು, 14416 ಎಂಬ ಸಂಖ್ಯೆಯ ಮೂಲಕ, ಈ ಅಂತರವನ್ನು ತುಂಬುವ ಒಂದು ಪ್ರಯತ್ನವು. ಆ ದೂರವಾಣಿಯ ಆಚೆಯ ತುದಿಯಲ್ಲಿ ಕುಳಿತು ಕೇಳತಕ್ಕವರು ಶಿಕ್ಷಣ ಪಡೆದವರಾಗಿರಬೇಕು, ಅಂತಹವರು ಎಂ. ಎ. ತರಗತಿಗಳಿಂದಲೇ ಬರಬೇಕು.

ಅಂಕೆಗಳಿಗೆ ಸಿಕ್ಕದ ಕೊರತೆಯೊಂದು ಇದಕ್ಕಿಂತಲೂ ಸೂಕ್ಷ್ಮವಾದುದು. ಉತ್ತರ ಕರ್ನಾಟಕದ ಹಳ್ಳಿಯ ಹೆಂಗಸು ತನ್ನ ಸಂಕಟವನ್ನು ಖಿನ್ನತೆ, ಉದ್ವೇಗ ಎಂಬ ಶಬ್ದಗಳಿಂದ ಹೇಳುವುದಿಲ್ಲ. “ಜೀವಕ್ಕ ಸಮಾಧಾನ ಇಲ್ಲ”, “ಎದಿ ಹೊಡಕೋತದ”, “ತಲಿ ಓಡವಲ್ದು” ಎನ್ನುವಳು. ಮನಸ್ಸಿನ ನೋವನ್ನು ಮೈಯ ಮಾತಿನಲ್ಲಿ ಹೇಳುವುದು ಅಜ್ಞಾನವಲ್ಲ; ಅದು ಅವಳ ನುಡಿಯ ರೀತಿ. ಉಚ್ಚ ವ್ಯಾಸಂಗದ ಗ್ರಂಥಗಳಾದರೋ ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಸುಳ್ಳದಂತಹ ಊರಿನಿಂದ ಹೋದ ವಿದ್ಯಾರ್ಥಿನಿಯು ತನ್ನ ಅಜ್ಜಿಯ ಬಾಯಲ್ಲಿ ಕೇಳಿದ ಈ ಮಾತುಗಳನ್ನು ಎರಡು ವರ್ಷ ಬದಿಗಿಟ್ಟು, ಬೇರೊಂದು ನುಡಿಯಲ್ಲಿ ಮನಸ್ಸನ್ನು ಕಲಿತು, ಪದವಿಯನ್ನು ಪಡೆದು, ತಿರುಗಿ ಬಂದಾಗ ಮತ್ತೆ ಆ ಮಾತುಗಳನ್ನೇ ಕೇಳಿ ಅರ್ಥಮಾಡಿಕೊಳ್ಳಬೇಕು. ಬಿನೆಯ ಪ್ರಶ್ನೆಗಳಿಗೆ ಕಾಮತರು ಪಟ್ಟ ಶ್ರಮವನ್ನು ಅವಳು ತನ್ನ ಪ್ರತಿಯೊಬ್ಬ ರೋಗಿಯ ವಿಷಯದಲ್ಲಿಯೂ ಪಡಬೇಕಾಗುವುದು.

ಈ ಕಷ್ಟಕ್ಕೆ ಪರಿಹಾರವು ಧಾರವಾಡದ ಚರಿತ್ರೆಯಲ್ಲಿಯೇ ಸೂಚಿತವಾಗಿದೆ. 1890ರಲ್ಲಿ ಇದೇ ಊರಿನಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ ರಾಮಚಂದ್ರ ಹಣಮಂತ ದೇಶಪಾಂಡೆಯವರು ಸ್ವತಃ ಎಂ. ಎ. ಪದವೀಧರರು. ಇಂಗ್ಲಿಷಿನಲ್ಲಿ ಪಡೆದ ವಿದ್ಯೆಯ ಋಣವನ್ನು ಕನ್ನಡದಲ್ಲಿ ಗ್ರಂಥಗಳನ್ನು ಬರೆದು, ಬರೆಯಿಸಿ ತೀರಿಸಬೇಕೆಂಬುದು ಆ ತಲೆಮಾರಿನವರ ನಂಬಿಗೆಯಾಗಿದ್ದಿತು. ಮನಶ್ಶಾಸ್ತ್ರದ ವಿಷಯದಲ್ಲಿ ಆ ಋಣವು ಇನ್ನೂ ಪೂರ್ಣವಾಗಿ ತೀರಿಲ್ಲ. ಕನ್ನಡದ ಮಕ್ಕಳ ಮೇಲೆ, ಕನ್ನಡದ ಮಾತಿನಲ್ಲಿ, ಹೊಸದಾಗಿ ಪರೀಕ್ಷಿಸಿ ರಚಿಸಿದ ಮಾಪನಗಳು ಬೇಕು, ಹೊಲಗದ್ದೆಗಳ ಜನರು ತಮ್ಮ ಸಂಕಟವನ್ನು ಹೇಳಿಕೊಳ್ಳುವ ಶಬ್ದಗಳ ಸಂಗ್ರಹವು ಬೇಕು, ಎಂ. ಎ. ತರಗತಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆಯುವ ಪ್ರಬಂಧಗಳಲ್ಲಿ ಕೆಲವಾದರೂ ಈ ಕಡೆಗೆ ತಿರುಗಬೇಕು. ಹಾಗಾದರೆ ಇನ್ನು ಮುಂದೆ ಸುಳ್ಳದ ಒಂದು ಮನೆಯವರು ಮಗಳನ್ನು ಧಾರವಾಡಕ್ಕೆ ಕಳಿಸಿದೆವೆಂದು ನೆರೆಯವರಿಗೆ ಹೇಳಿದಾಗ, ಓದುವುದಕ್ಕೋ ಔಷಧಕ್ಕೋ ಎಂದು ನೆರೆಯವರು ಕೇಳುವರು. ಯಾವ ಉತ್ತರ ಬಂದರೂ ಮನೆಯವರು ತಲೆತಗ್ಗಿಸಬೇಕಾಗುವುದಿಲ್ಲ.